ಹಾಸಿಗೆ ಪಕ್ಕದ ಹಾಯ್ಕು

ಪ್ರಶ್ನೆ: ನನಗೆ ಐವತ್ತೆರಡು ವರ್ಷ. ಹಾವೇರಿ ಹತ್ತಿರ ನಮ್ಮ ಊರು. ಅತ್ತೆಯವರಿಗೆ ಲಕ್ವಾ ಹೊಡೆದು ಎರಡು ವರ್ಷದಿಂದ ಹಾಸಿಗೆ ಹಿಡಿದಿದ್ದಾರೆ. ಮಾತು ಹೋಗಿದೆ, ಆದರೆ ಎಲ್ಲ ತಿಳಿಯುತ್ತದೆ. ಅವರನ್ನು ಬಿಟ್ಟು ಒಂದು ತಾಸು ಹೊರಗೆ ಹೋಗುವುದೂ ಕಷ್ಟ. ಗ್ರಂಥಾಲಯದಿಂದ ತರಿಸಿದ ಪುಸ್ತಕವೊಂದನ್ನು ಓದಿ ಹಾಯ್ಕು ಬರೆಯುವ ಆಸೆ ಹುಟ್ಟಿದೆ. ಅದರಲ್ಲೂ ಶರತ್ಕಾಲದ ಪದ್ಯಗಳು ಮನಸ್ಸು ಬಿಟ್ಟು ಹೋಗುವುದಿಲ್ಲ. ನಾನು ಬರೆದ ಒಂದು:

ಉದುರಿದ ಮೇಪಲ್ ಎಲೆ
ನನ್ನ ಬದುಕಿನ ಹಾಗೆ
ಗಾಳಿ ಪಾಲಾಯಿತು

ಓದಿದ ಗೆಳತಿ ‘ಮೇಪಲ್ ಎಲ್ಲಿ ಕಂಡೆ?’ ಅಂದಳು. ಕಂಡಿಲ್ಲ. ಐದು-ಏಳು-ಐದು ಎಣಿಸಲು ಹೋದರೆ ಕನ್ನಡ ಮುರಿಯುತ್ತದೆ. ನಾನು ಕಾಣುವುದು ಔಷಧಿ ಡಬ್ಬಿ, ಒಗೆಯುವ ಬಟ್ಟೆ ಇಷ್ಟೇ. ಮೊನ್ನೆ ಅತ್ತೆಯವರ ಸೀರೆ ಒಣಹಾಕಲು ಮಾಳಿಗೆಗೆ ಹೋದಾಗ ಹಗ್ಗದ ಮೇಲೆ ಏರೋಪ್ಲೇನ್ ಚಿಟ್ಟೆ ಕೂತಿತ್ತು, ಕ್ಲಿಪ್ ಹಾಕಲು ಮನಸ್ಸು ಬರದೆ ಸುಮ್ಮನೆ ನಿಂತೆ, ಅಷ್ಟರಲ್ಲಿ ಕೆಳಗೆ ಅವರು ನರಳಿದ ಸದ್ದು. ಇನ್ನೊಂದು ಹೇಳಲೇಬೇಕು. ಒಂದು ರಾತ್ರಿ ಅವರು ನೋವಿನಲ್ಲಿದ್ದಾಗ ನನ್ನ ತಲೆಯಲ್ಲಿ ಅದರದ್ದೇ ಸಾಲು ಓಡುತ್ತಿತ್ತು. ನಾಚಿಕೆಯಾಯಿತು. ಅವರ ಸಂಕಟ ನನಗೆ ಕವಿತೆಯ ಸರಕೇ? ಬರೆಯುವುದನ್ನು ಬಿಟ್ಟುಬಿಡಲೇ?
— ಹೆಸರು ಬೇಡ

ಉತ್ತರ: ಬಿಡಬೇಡಿ. ನಿಮ್ಮ ಕೊನೆಯ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಮೇಪಲ್ಲು, ಎಣಿಕೆ ಎಲ್ಲ ಅದಕ್ಕಿಂತ ಸಣ್ಣ ಸಂಗತಿಗಳು.

ಜಪಾನಿನ ಹಾಯ್ಕು ಕವಿ ಇಸ್ಸನ ಪದ್ಯಗಳನ್ನು ನೀವು ಆ ಪುಸ್ತಕದಲ್ಲಿ ಓದಿಯೇ ಇರುತ್ತೀರಿ. ಗುಬ್ಬಿ, ಕಪ್ಪೆ, ನೊಣಗಳ ಮೇಲೆ ಅಷ್ಟೊಂದು ಅಕ್ಕರೆಯಿಂದ ಬರೆದವನು. 1801ರಲ್ಲಿ ಅವನು ಕಾಶಿವಬಾರ ಎಂಬ ತನ್ನ ಹುಟ್ಟೂರಿನಲ್ಲಿದ್ದಾಗ ತಂದೆ ಜ್ವರ ಬಂದು ಮಲಗಿದರು. ಸುಮಾರು ಒಂದು ತಿಂಗಳು ಅವನು ಪಕ್ಕದಲ್ಲೇ ಕೂತು ಆರೈಕೆ ಮಾಡಿದ, ಅವರು ತೀರಿಕೊಳ್ಳುವವರೆಗೂ. ಆ ದಿನಗಳನ್ನೆಲ್ಲ ಬರೆದೂ ಇಟ್ಟ. ಔಷಧಿಯ ವಿಚಾರ, ಮಲತಾಯಿಯೊಂದಿಗಿನ ಮನಸ್ತಾಪ, ರೋಗಿಯ ಬಯಕೆ, ಎಲ್ಲವೂ ಅದರಲ್ಲಿದೆ. ತಂದೆ ಮರಸೇಬು ಬೇಕೆಂದರು. ಅದು ಶರತ್ಕಾಲದ ಹಣ್ಣು, ಆಗಿನ್ನೂ ಬೇಸಿಗೆ. ಇಸ್ಸ ಪೇಟೆಯ ತನಕ ನಡೆದು ಹೋಗಿ ಹುಡುಕಿದ, ಸಿಗಲಿಲ್ಲ. ಓದುವಾಗ ನನಗೆ ಒಮ್ಮೆಯೂ ಈ ಮಗ ತಂದೆಯ ಸಾವನ್ನು ಬಳಸಿಕೊಂಡ ಅನ್ನಿಸಿಲ್ಲ. ಸಿಗದ ಆ ಹಣ್ಣಿಗಾಗಿ ಅವನು ಪಟ್ಟ ಪಾಡು ಇನ್ನೂರು ವರ್ಷದ ಮೇಲೂ ನಮಗೆ ಗೊತ್ತಿರುವುದು ಅವನು ಬರೆದದ್ದರಿಂದ.

ಅತ್ತೆಯವರು ನರಳುವಾಗ ನಿಮ್ಮ ತಲೆಯಲ್ಲಿ ಸಾಲು ಓಡಿತು ಅಂದಿರಿ. ಆಗ ನಿಮ್ಮ ಕೈ ಏನು ಮಾಡುತ್ತಿತ್ತು? ಬಹುಶಃ ಅವರ ಬೆನ್ನು ಸವರುತ್ತಿತ್ತು, ಮಗ್ಗಲು ತಿರುಗಿಸುತ್ತಿತ್ತು. ಸಾಲು ಬಂತೆಂದು ನೀವು ಎದ್ದು ಹೋಗಿ ಬರೆಯುತ್ತ ಕೂರಲಿಲ್ಲ. ಎರಡು ವರ್ಷ ಒಂದೇ ಮುಖವನ್ನು ನೋಡುತ್ತ, ಹುಬ್ಬು ಗಂಟಿಕ್ಕಿದ್ದರಿಂದಲೇ ನೀರು ಬೇಕೋ ನೋವೋ ಎಂದು ತಿಳಿಯುವ ಕಣ್ಣು ನಿಮಗೆ ಬಂದಿದೆ. ಸಾಲು ಹುಟ್ಟುತ್ತಿರುವುದೂ ಅದೇ ಕಣ್ಣಿನಿಂದ. ಇದರಲ್ಲಿ ನಾಚಿಕೆಪಡುವಂಥದ್ದು ನನಗೇನೂ ಕಾಣುವುದಿಲ್ಲ.

ಹಾಗೆಂದು ಎಲ್ಲವನ್ನೂ ಬರೆಯಬೇಕಿಲ್ಲ. ಅತ್ತೆಯವರು ಮಾತಾಡುವಂತಿದ್ದಾಗ ಯಾರೆದುರೂ ಹೇಳಿಕೊಳ್ಳಲು ಒಪ್ಪದ ಸಂಗತಿಗಳನ್ನು, ಮೈ ತೊಳೆಸುವ ಹೊತ್ತಿನ ಅವರ ಸಂಕೋಚವನ್ನು, ಪದ್ಯದಿಂದ ಹೊರಗಿಡಿ. ಬರೆದದ್ದನ್ನು ಸಂಜೆ ಅವರಿಗೇ ಓದಿ ಹೇಳಿ. ಎಲ್ಲ ತಿಳಿಯುತ್ತದೆ ಅಂದಿದ್ದೀರಲ್ಲ. ಮುಖ ತಿರುಗಿಸಿದರೆ ಆ ಪದ್ಯ ಅಲ್ಲಿಗೇ ನಿಲ್ಲಲಿ. ಯಾರಿಗೂ ತೋರಿಸಬೇಡಿ.

ಈಗ ‘ಹೊರಗೆ ಹೋಗಲಾರೆ’ ಎಂಬ ಮಾತಿಗೆ ಬರೋಣ. ಹಾಯ್ಕು ಅಂದರೆ ಕವಿ ಬಾಶೋ 1689ರಲ್ಲಿ ಮಾಡಿದಂಥ ದೂರದ ಕಾಲ್ನಡಿಗೆ ಬೇಕು ಎಂದು ಅನೇಕರು ನಂಬಿದ್ದಾರೆ. ಈ ಪದ್ಯಪ್ರಕಾರಕ್ಕೆ ಹಾಯ್ಕು ಎಂಬ ಹೆಸರು ನೆಲೆಯಾಗುವಂತೆ ಮಾಡಿದ ಮಾಸಾವೊಕ ಶಿಕಿ ಕೊನೆಯ ವರ್ಷಗಳಲ್ಲಿ ಹಾಸಿಗೆಯಿಂದ ಏಳಲೇ ಇಲ್ಲ. ಕ್ಷಯ ಬೆನ್ನುಮೂಳೆಗೆ ಇಳಿದಿತ್ತು. ಟೋಕಿಯೋದ ನೆಗಿಶಿಯಲ್ಲಿ ಪುಟ್ಟ ಮನೆ, ಮುಂದೆ ಅಷ್ಟೇ ಪುಟ್ಟ ಕೈತೋಟ. ಶಿಷ್ಯ ಕ್ಯೋಶಿ ಕಾಗದದ ಬಾಗಿಲಿನ ಜಾಗದಲ್ಲಿ ಗಾಜಿನದನ್ನು ಹಾಕಿಸಿಕೊಟ್ಟ. ಮಲಗಿದಲ್ಲಿಂದ ಅದರ ಮೂಲಕ ಕಾಣುತ್ತಿದ್ದಷ್ಟೇ ಶಿಕಿಯ ಲೋಕ. 1900ರಲ್ಲಿ ಅಂಗಳದ ಕೋಳಿಜುಟ್ಟಿನ ಹೂಗಳ ಮೇಲೆ ಅವನು ಬರೆದ ಒಂದು ಪದ್ಯದ ಬಗ್ಗೆ ವಿಮರ್ಶಕರು ದಶಕಗಳ ಕಾಲ ವಾದ ಮಾಡಿದ್ದಾರೆ. ಚಪ್ಪರದ ಮೇಲೆ ಒಂದು ಬಳ್ಳಿ ಹಬ್ಬಿತ್ತು, ನಮ್ಮ ತುಪ್ಪದ ಹೀರೆಯೇ ಅದು. ಅದರ ಬಳ್ಳಿಯ ನೀರು ಕಫಕ್ಕೆ ಒಳ್ಳೆಯದೆಂದು ಅಲ್ಲಿ ನಂಬಿಕೆ. 1902ರ ಸೆಪ್ಟೆಂಬರ್ 18ರಂದು ಶಿಕಿ ಆ ಹೀರೆಯ ಮೇಲೆಯೇ ಮೂರು ಪದ್ಯ ಬರೆದ. ಆ ರಾತ್ರಿ ಕಳೆದು ಬೆಳಗಾಗುವ ಮೊದಲೇ ತೀರಿಕೊಂಡ. ಆಗ ಅವನಿಗೆ ಮೂವತ್ತನಾಲ್ಕು.

ಆ ಮನೆಯಲ್ಲಿ ಇನ್ನೂ ಇಬ್ಬರಿದ್ದರು. ತಾಯಿ ಯಾಎ, ತಂಗಿ ರಿತ್ಸು. ದಿನವೂ ಗಾಯದ ಪಟ್ಟಿ ಬದಲಿಸಿದವಳು, ಅಡುಗೆ ಮಾಡಿದವಳು ರಿತ್ಸು. ನೋವಿನ ಸಿಟ್ಟಿನಲ್ಲಿ ಶಿಕಿ ತನ್ನ ದಿನಚರಿಯಲ್ಲಿ ಅವಳನ್ನು ಹಟಮಾರಿ, ಮನಸ್ಸಿಲ್ಲದವಳು ಎಂದೆಲ್ಲ ಬೈದಿದ್ದಾನೆ, ಅವಳಿಲ್ಲದೆ ಒಂದು ದಿನವೂ ಬದುಕಲಾರೆ ಎಂದು ಒಪ್ಪಿಕೊಂಡೂ ಇದ್ದಾನೆ. ಆ ಕೋಣೆಯ ಶರತ್ಕಾಲವನ್ನು ನಾವು ಹಾಸಿಗೆಯ ಕಡೆಯಿಂದ ಬಲ್ಲೆವು. ಪಟ್ಟಿ ಒಗೆದು ಒಣಹಾಕಿದವಳ ಕಡೆಯಿಂದ ಏನು ಕಂಡಿತು ಎಂದು ತಿಳಿಯುವ ಆಸೆ ನನಗೆ ಬಹಳ. ನೀವು ನಿಂತಿರುವುದು ಆ ಕಡೆಯಲ್ಲಿ. ಅಲ್ಲಿಂದ ಬರೆಯಿರಿ.

ಮೇಪಲ್ ಎಲೆಯ ವಿಚಾರ ಬೇಗ ಮುಗಿಸುತ್ತೇನೆ. ಗೆಳತಿ ಕೇಳಿದ್ದು ಸರಿ. ಜಪಾನಿನಲ್ಲಿ ಋತುಪದಗಳ ಕೋಶಗಳಿವೆ, ಅವುಗಳ ಪ್ರಕಾರ ಶರತ್ಕಾಲ ಆಗಸ್ಟ್ ಮೊದಲ ವಾರದ ಕೊನೆಗೆ ಶುರುವಾಗಿ ನವೆಂಬರ್ ಆರಂಭಕ್ಕೆ ಮುಗಿಯುತ್ತದೆ. ಕೆಂಪೇರಿದ ಎಲೆ ಶರತ್ತಿನದು, ಉದುರಿ ಬಿದ್ದ ಎಲೆ ಚಳಿಗಾಲದ್ದು. ಅಂದರೆ ನಿಮ್ಮ ಪದ್ಯ ಅಲ್ಲಿಯ ಲೆಕ್ಕದಲ್ಲೂ ಶರತ್ಕಾಲಕ್ಕೆ ಸೇರುವುದಿಲ್ಲ. ಅದಕ್ಕಿಂತ ನನ್ನನ್ನು ಕಾಡಿದ್ದು ಎರಡನೆಯ ಸಾಲು. ‘ನನ್ನ ಬದುಕಿನ ಹಾಗೆ’ ಎಂದು ನೀವೇ ಹೇಳಿಬಿಟ್ಟ ಮೇಲೆ ಓದುವವರಿಗೆ ಮಾಡಲು ಏನೂ ಉಳಿಯಲಿಲ್ಲ. ಇಷ್ಟು ಚಿಕ್ಕ ಪದ್ಯದಲ್ಲಿ ಹೋಲಿಕೆಗೆ ಜಾಗ ಇಲ್ಲ. ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನಡುವೆ ಒಂದು ಬಿಡುವು ಕೊಡಿ, ಸಾಕು. ಜಪಾನಿಯರಿಗೆ ಆ ಬಿಡುವಿಗೆಂದೇ ಪುಟ್ಟ ಪದಗಳಿವೆ, ನಾವು ಸಾಲು ಮುರಿಯುವ ಕಡೆ ಅದನ್ನು ಮಾಡಿಕೊಳ್ಳಬೇಕು.

ನಿಜವಾದ ಶರತ್ಕಾಲದ ಹಾಯ್ಕು ನಿಮ್ಮ ಪತ್ರದಲ್ಲೇ ಇದೆ, ನೀವು ಅದನ್ನು ದೂರಿನ ಮಧ್ಯೆ ಬಿಟ್ಟು ಹೋಗಿದ್ದೀರಿ. ಏರೋಪ್ಲೇನ್ ಚಿಟ್ಟೆ ಜಪಾನಿನಲ್ಲೂ ಶರತ್ಕಾಲದ ಪದವೇ. ನಮ್ಮಲ್ಲೂ ಮಳೆ ಹಿಂದಾಗುವ ಹೊತ್ತಿಗೆ ಬಯಲಿನ ಮೇಲೆ ಅವುಗಳ ಹಿಂಡು ಕಾಣುತ್ತದೆ. ನಿಮ್ಮ ಮಾತುಗಳನ್ನೇ ಸ್ವಲ್ಪ ಒರೆಸಿ ಇಟ್ಟಿದ್ದೇನೆ:

ಅತ್ತೆಯ ಒದ್ದೆ ಸೀರೆ
ಹಗ್ಗದ ಮೇಲೆ ಏರೋಪ್ಲೇನ್ ಚಿಟ್ಟೆ
ಕೈಯಲ್ಲೇ ಉಳಿದ ಕ್ಲಿಪ್ಪು

ಕೆಳಗಿನಿಂದ ಕೇಳಿದ ನರಳಿಕೆಯನ್ನು ನಾನು ಬಿಟ್ಟೆ. ನಿಮಗೆ ಅದು ಬೇಕೆನ್ನಿಸಿದರೆ ಸೀರೆಯನ್ನು ತೆಗೆದು ಅದನ್ನು ತನ್ನಿ. ಎರಡೂ ಇದ್ದರೆ ಭಾರವಾಗುತ್ತದೆ.

ಐದು-ಏಳು-ಐದು ಎಣಿಸುವುದನ್ನು ಕೈಬಿಡಿ. ಜಪಾನಿಯರ ಎಣಿಕೆ ನಮ್ಮ ಅಕ್ಷರದ ಎಣಿಕೆಯಲ್ಲ, ಮಾತ್ರೆಗೆ ಹತ್ತಿರದ್ದು. ಟೋಕಿಯೋ ಎಂಬ ಊರಿನ ಹೆಸರನ್ನು ಅವರು ‘ತೋಕ್ಯೋ’ ಎಂದು ಉಚ್ಚರಿಸಿ ನಾಲ್ಕೆಂದು ಎಣಿಸುತ್ತಾರೆ, ಏಕೆಂದರೆ ದೀರ್ಘಕ್ಕೆ ಎರಡು. ಜೊತೆಗೆ ನಮ್ಮ ಪದಗಳಿಗೆ ವಿಭಕ್ತಿ ಪ್ರತ್ಯಯಗಳ ಬಾಲ ಇದೆ. ಹದಿನೇಳರೊಳಗೆ ತುರುಕಲು ಹೋದರೆ ನೀವು ಹೇಳಿದಂತೆ ಕನ್ನಡವೇ ಮುರಿಯುತ್ತದೆ. ಒಂದೇ ಉಸಿರಿನಲ್ಲಿ ಓದಿ ಮುಗಿಸುವಂತಿದ್ದರೆ ಆಯಿತು. ಜೋರಾಗಿ ಓದಿ ನೋಡಿ, ಎಲ್ಲಿ ನಾಲಿಗೆ ತಡವರಿಸುತ್ತದೋ ಅಲ್ಲಿ ಒಂದು ಪದ ಹೆಚ್ಚಾಗಿದೆ.

ಋತುಪದಗಳಿಗಾಗಿ ಹುಡುಕಾಡಬೇಕಿಲ್ಲ, ಒಕ್ಕಲುತನದ ಸೀಮೆಯವರು ನೀವು. ಉತ್ತರೆ, ಹಸ್ತ, ಚಿತ್ತಿ, ಸ್ವಾತಿ ಎಂದು ಮಳೆಗೆ ನಕ್ಷತ್ರದ ಹೆಸರಿಟ್ಟು ಕರೆಯುವ ನಮಗೆ ಒಂದು ಪದದಲ್ಲಿ ಹೊಲ, ತಿಂಗಳು, ಚಳಿಯ ಸುಳಿವು ಎಲ್ಲ ಬಂದುಬಿಡುತ್ತವೆ. ಸ್ವಾತಿ ಮಳೆ ಎಂದರೆ ಅಕ್ಟೋಬರ್ ಕೊನೆ, ಹಿಂಗಾರಿ ಜೋಳ ಮೊಳೆತು ನಿಂತ ಕಾಲ, ದೀಪಾವಳಿಯ ಆಚೀಚೆ. ಬೇರೆ ವಿವರಣೆಯೇ ಬೇಡ. ಸೀಗಿ ಹುಣ್ಣಿಮೆ, ಸೀತಾಫಲ, ಚೆಂಡುಹೂ, ಆಕಾಶಬುಟ್ಟಿ ಎಲ್ಲ ಹಾಗೆಯೇ. ಜಪಾನಿ ಹಾಯ್ಕುವಿನಲ್ಲಿ ಬರಿಯ ‘ಚಂದ್ರ’ ಅಂದರೂ ಅದು ಶರತ್ಕಾಲದ ಚಂದ್ರನೇ. ಸೀಗಿ ಹುಣ್ಣಿಮೆಯ ರಾತ್ರಿ ಕಿಟಕಿ ತೆರೆದರೆ ಅತ್ತೆಯವರ ಹಾಸಿಗೆಯ ತನಕ ಅದು ಬರುತ್ತದೆ. ಮಾದರಿಗೆಂದು ನಾನೊಂದು ಬರೆದು ನೋಡಿದೆ:

ಸ್ವಾತಿ ಮಳೆ
ಮಾತ್ರೆ ನುಂಗಿಸಿ ಇಬ್ಬರೂ
ಕಿವಿಗೊಟ್ಟು ಕೂತೆವು

ಕಂಡದ್ದನ್ನು ಮಾತ್ರ ಬರೆಯಬೇಕೇ ಎಂದು ಮುಂದೆ ನಿಮಗೇ ಅನುಮಾನ ಬರಬಹುದು. ಇನ್ನೊಬ್ಬ ಹಾಯ್ಕು ಕವಿ ಬುಸೋನ್, ಸತ್ತ ಹೆಂಡತಿಯ ಬಾಚಣಿಗೆಯ ಬಗ್ಗೆ ಶರತ್ಕಾಲದ ಹೆಸರಾಂತ ಪದ್ಯ ಬರೆದಾಗ ಅವನ ಹೆಂಡತಿ ಬದುಕಿದ್ದಳು. ಕಲ್ಪನೆಗೆ ಅಡ್ಡಿಯಿಲ್ಲ. ಆದರೆ ಮೊದಲ ಒಂದು ವರ್ಷವಾದರೂ ನಿಮ್ಮ ಕೈಗೆ ತಾಗಿದ್ದನ್ನೇ ಬರೆಯಿರಿ ಎಂಬುದು ನನ್ನ ಸಲಹೆ. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆಯಾ ದಿನದ ಚೌಕದಲ್ಲಿ ನಾಲ್ಕು ಪದ ಗೀಚಿಟ್ಟರೂ ಸಾಕು, ಪದ್ಯ ಆಮೇಲೆ ಆಗುತ್ತದೆ.

ಕೊನೆಗೆ ಒಂದು ಮಾತು, ಹಾಯ್ಕುವಿನದ್ದಲ್ಲ. ಇಡೀ ಪತ್ರದಲ್ಲಿ ನಿಮ್ಮ ಯಜಮಾನರ, ಮೈದುನರ, ನಾದಿನಿಯರ ಸುಳಿವೇ ಇಲ್ಲ. ಒಂದು ತಾಸೂ ಹೊರಗೆ ಹೋಗಲಾರದೆ ಎರಡು ವರ್ಷ ಕಳೆದಿದ್ದೀರಿ, ರಾತ್ರಿಯೂ ಎಚ್ಚರವಿರುತ್ತೀರಿ. ಈ ದಣಿವನ್ನು ಪದ್ಯ ಹೊರಲಾರದು, ಹೊರಿಸಲೂ ಬಾರದು. ನಿದ್ದೆ ಕೆಟ್ಟಿದ್ದರೆ ಅತ್ತೆಯವರನ್ನು ನೋಡಲು ಬರುವ ಡಾಕ್ಟರಿಗೆ ನಿಮ್ಮ ವಿಚಾರವನ್ನೂ ಹೇಳಿ. ಮನೆಯವರನ್ನು ಕೂರಿಸಿಕೊಂಡು ವಾರಕ್ಕೆ ಒಂದು ಮಧ್ಯಾಹ್ನ, ಒಂದು ರಾತ್ರಿ ಯಾರು ನೋಡಿಕೊಳ್ಳುತ್ತಾರೆ ಎಂದು ಪಾಳಿ ಗೊತ್ತು ಮಾಡಿ. ಕೇಳಿಕೊಳ್ಳುವ ದನಿಯಲ್ಲಿ ಬೇಡ, ‘ಈ ಭಾನುವಾರ ಎರಡು ಗಂಟೆಗೆ ನೀವು ಬರಬೇಕು’ ಎಂದೇ ಹೇಳಿ. ಬಂದವರಿಗೆ ಔಷಧಿಯ ಹೊತ್ತು ತೋರಿಸಿಕೊಟ್ಟು ನೀವು ಗ್ರಂಥಾಲಯಕ್ಕೆ ಹೋಗಿ ಬನ್ನಿ, ಪುಸ್ತಕವನ್ನು ಈ ಸಲ ನೀವೇ ಆರಿಸಿ ತನ್ನಿ.