ಕಬ್ಬು ಹೋಯ್ತು, ತಂಬಾಕು ಬಂತು

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ. ಬೆಳಗಾವಿ ಜಿಲ್ಲೆಯ ಈ ಐದು ತಾಲೂಕುಗಳಲ್ಲಿ ಎರಡು ಬೆಳೆಗಳು ಹೆಸರುವಾಸಿ. ಕೃಷ್ಣಾ ದಂಡೆಯ ಕಡೆ ಕಬ್ಬು, ನಿಪ್ಪಾಣಿ ಕಡೆ ತಂಬಾಕು. ನಾವು ಸ್ಕೂಲಲ್ಲಿ ಓದಿದ ಪೋರ್ಚುಗೀಸರು ಅಂದ್ರೆ ವಾಸ್ಕೋ ಡ ಗಾಮ, 1498, ಕಲ್ಲಿಕೋಟೆ, ಮುಗೀತು. ಆದರೆ ಈ ಎರಡೂ ಬೆಳೆಗಳ ಹಿಂದೆ ಪೋರ್ಚುಗೀಸರ ಇನ್ನೊಂದು ಕಥೆ ಇದೆ. ಅದು ಅಟ್ಲಾಂಟಿಕ್ ಸಮುದ್ರದ ಕಥೆ, ಗುಲಾಮಗಿರಿಯ ಕಥೆ. ಎಂಜಿನಿಯರಿಂಗ್ ಓದುವ ನಮಗೆ ಅದರಲ್ಲಿ ಒಂದು ಪಾಠವೂ ಇದೆ.

ಕಬ್ಬು ಹೋದ ದಾರಿ

ಕಬ್ಬಿನ ರಸ ಕುದಿಸಿ ಹರಳು ಮಾಡುವ ವಿದ್ಯೆ ಮೊದಲು ಬೆಳೆದದ್ದು ಭಾರತದಲ್ಲಿ. ಸಂಸ್ಕೃತದ ‘ಶರ್ಕರಾ’ ಅರಬ್ಬರ ಬಾಯಲ್ಲಿ ‘ಸುಕ್ಕರ್’ ಆಯ್ತು, ಪೋರ್ಚುಗೀಸರ ಬಾಯಲ್ಲಿ ‘ಅಸೂಕರ್’ ಆಯ್ತು. ನಮ್ಮ ‘ಸಕ್ಕರೆ’ಯೂ ಅದೇ ಮನೆತನದ್ದು. ಅರಬ್ಬರ ಜೊತೆ ಕಬ್ಬು ಮೆಡಿಟರೇನಿಯನ್ ತಲುಪಿತು. ಅಲ್ಲಿಂದ ಪೋರ್ಚುಗೀಸರು ಅದನ್ನು ಅಟ್ಲಾಂಟಿಕ್‌ನ ಮದೇರಾ ದ್ವೀಪಕ್ಕೆ ಒಯ್ದರು. 1450ರ ದಶಕದಲ್ಲೇ ಅಲ್ಲಿ ಸಕ್ಕರೆ ತಯಾರಾಗ್ತಿತ್ತು. ‘ಮದೇರಾ’ ಅಂದರೆ ಕಟ್ಟಿಗೆ. ಆ ಕಟ್ಟಿಗೆಯೆಲ್ಲ ರಸ ಕುದಿಸುವ ಒಲೆಗಳಿಗೆ ಹೋಯ್ತು. ಆಮೇಲೆ ಆಫ್ರಿಕಾ ಪಕ್ಕದ ಸಾವ್ ತೊಮೆ ದ್ವೀಪ. ಎದುರಿನ ತೀರದಿಂದ ಗುಲಾಮರನ್ನು ತಂದು ದೊಡ್ಡ ತೋಟಗಳಲ್ಲಿ ದುಡಿಸುವ ಪದ್ಧತಿ ಅಲ್ಲಿ ಗಟ್ಟಿಯಾಯ್ತು. 16ನೇ ಶತಮಾನದಲ್ಲಿ ಇದೇ ಮಾದರಿ ಬ್ರೆಜಿಲ್‌ಗೆ ಹೋಗಿ, ಹತ್ತಾರು ಪಟ್ಟು ಬೆಳೆಯಿತು.

ಇತಿಹಾಸಕಾರರ ಅಂದಾಜಿನ ಪ್ರಕಾರ ಆಫ್ರಿಕಾದಿಂದ ಹಡಗು ಹತ್ತಿಸಿದ್ದು ಸುಮಾರು 1.25 ಕೋಟಿ ಜನರನ್ನು. ಆಚೆ ದಡ ಮುಟ್ಟಿದವರು ಸುಮಾರು 1.07 ಕೋಟಿ. ನಡುವಿನ ವ್ಯತ್ಯಾಸ ಅಂದ್ರೆ ಸಮುದ್ರದಲ್ಲೇ ಸತ್ತವರು, ಹದಿನೆಂಟು ಲಕ್ಷ. ಬದುಕಿ ಇಳಿದವರಲ್ಲಿ 45 ಲಕ್ಷಕ್ಕೂ ಹೆಚ್ಚು ಜನ ಇಳಿದದ್ದು ಬ್ರೆಜಿಲ್‌ನಲ್ಲಿ. ಅಲ್ಲಿ ಗುಲಾಮಗಿರಿ ರದ್ದಾಗಿದ್ದು 1888ರಲ್ಲಿ.

ಮಿಲ್ ಕಾಯುವುದಿಲ್ಲ

ಇಲ್ಲಿ ಸ್ವಲ್ಪ ಕೆಮಿಸ್ಟ್ರಿ ನೋಡೋಣ. ಕಬ್ಬು ಕಡಿದ ತಕ್ಷಣ ಒಳಗಿನ ಸುಕ್ರೋಸ್ ಒಡೆದು ಗ್ಲೂಕೋಸ್, ಫ್ರಕ್ಟೋಸ್ ಆಗಲು ಶುರುವಾಗುತ್ತದೆ. ತಡ ಆದಷ್ಟೂ ಸಕ್ಕರೆ ಇಳುವರಿ ಕಮ್ಮಿ. ಆದಷ್ಟು ಬೇಗ, ಸಾಧ್ಯವಾದರೆ ಒಂದು ದಿನದೊಳಗೆ ಅರೆಯಬೇಕು. ಮಿಲ್ ದೊಡ್ಡದಿದ್ದರೆ ಅದಕ್ಕೆ ಇನ್‌ಪುಟ್ ನಿಲ್ಲಲೇಬಾರದು. ಬ್ರೆಜಿಲ್‌ನಲ್ಲಿ ವರ್ಷಕ್ಕೆ ಎಂಟೊಂಬತ್ತು ತಿಂಗಳು, ರಾತ್ರಿಯೂ ಬಿಡದೆ ಮಿಲ್ ಓಡಿಸುತ್ತಿದ್ದರು. ನಿದ್ದೆಗಣ್ಣಲ್ಲಿ ಕಬ್ಬು ತುರುಕುವವರ ಕೈ ರೋಲರ್‌ಗೆ ಸಿಕ್ಕರೆ ಕಡಿಯೋದಕ್ಕೆ ಅಂತ ಪಕ್ಕದಲ್ಲೇ ಕೊಡಲಿ ಇಡುತ್ತಿದ್ದದ್ದು ಆ ಕಾಲದವರ ಬರಹಗಳಲ್ಲಿದೆ.

ಆ ಮಿಲ್‌ಗೆ ಪೋರ್ಚುಗೀಸ್ ಹೆಸರು ‘ಎಂಜೆನ್ಯೊ’. ಲ್ಯಾಟಿನ್‌ನ ‘ಇಂಜೇನಿಯಂ’ ಅಂದರೆ ಜಾಣ್ಮೆ, ಆ ಶಬ್ದದಿಂದ ಬಂದದ್ದು. ನಮ್ಮ ‘ಎಂಜಿನಿಯರ್’ ಕೂಡ ಅದೇ ಬೇರಿನ ಪದ! ಮುಂದೆ ಬ್ರೆಜಿಲ್‌ನಲ್ಲಿ ಮಿಲ್, ಹೊಲ, ಯಜಮಾನನ ಮನೆ, ಗುಲಾಮರ ಗುಡಿಸಲು ಎಲ್ಲ ಸೇರಿ ‘ಎಂಜೆನ್ಯೊ’ ಅಂತಲೇ ಕರೆಸಿಕೊಂಡವು. ಮನುಷ್ಯರೂ ಯಂತ್ರದ ಲೆಕ್ಕಕ್ಕೆ ಸೇರಿಬಿಟ್ಟರು.

ಹಾಗಾದರೆ ತಪ್ಪು ಕಬ್ಬಿನದಾ? ಅಲ್ಲ. ಅದೇ ಕಬ್ಬನ್ನು ನಮ್ಮಲ್ಲಿ ಎತ್ತಿನ ಗಾಣದಲ್ಲಿ ಅರೆದು, ಕೊಪ್ಪರಿಗೆಯಲ್ಲಿ ಕುದಿಸಿ ಶತಮಾನಗಳಿಂದ ಬೆಲ್ಲ ಮಾಡುತ್ತಿದ್ದರು. ನಮ್ಮ ಹಳ್ಳಿಗಳಲ್ಲಿ ಎಲ್ಲರೂ ಸಮಾನರಾಗಿದ್ದರು ಅಂತ ಹೇಳೋಕಾಗಲ್ಲ. ಆದರೆ ಬೆಲ್ಲಕ್ಕಾಗಿ ಯಾರೂ ಹಡಗುಗಟ್ಟಲೆ ಮನುಷ್ಯರನ್ನು ಕೊಂಡು ತರಲಿಲ್ಲ. ಯಂತ್ರಕ್ಕೆ ಅವಸರ ಇರುತ್ತದೆ. ಆ ಅವಸರದ ಭಾರ ಯಾರ ತಲೆ ಮೇಲೆ ಅನ್ನೋದನ್ನು ಮಾತ್ರ ಮನುಷ್ಯರೇ ತೀರ್ಮಾನ ಮಾಡುತ್ತಾರೆ.

ತಂಬಾಕು ಬಂದ ದಾರಿ

ತಂಬಾಕು ಅಮೆರಿಕಾ ಖಂಡದ ಗಿಡ. ಬ್ರೆಜಿಲ್‌ನ ಬಹಿಯಾದಲ್ಲಿ ಬೆಳೆದ ಮೂರನೇ ದರ್ಜೆಯ ತಂಬಾಕಿಗೆ ಕಬ್ಬಿನ ಕಾಕಂಬಿ ಸವರಿ, ಹಗ್ಗದ ಹಾಗೆ ಸುತ್ತಿ ಆಫ್ರಿಕಾಕ್ಕೆ ಕಳಿಸುತ್ತಿದ್ದರು. ಅದನ್ನು ಕೊಟ್ಟು ಅಲ್ಲಿ ಮನುಷ್ಯರನ್ನು ಕೊಳ್ಳುತ್ತಿದ್ದರು. ಪೂರ್ವದ ಕಡೆಗೂ ಪೋರ್ಚುಗೀಸ್ ಹಡಗುಗಳು ತಂಬಾಕು ತಂದವು. 1510ರಲ್ಲಿ ಅವರು ಗೋವಾವನ್ನು ಕಸಿದುಕೊಂಡದ್ದು ಬಿಜಾಪುರದ ಆದಿಲ್‌ಶಾಹಿಗಳಿಂದ. ಈ ಐದು ತಾಲೂಕುಗಳ ಸೀಮೆಯೂ ಆಗ ಆದಿಲ್‌ಶಾಹಿ ರಾಜ್ಯದಲ್ಲೇ ಇತ್ತು. ಸುಮಾರು 1604ರಲ್ಲಿ ಅಕ್ಬರನ ದೂತ ಅಸದ್ ಬೇಗ್ ಬಿಜಾಪುರದಲ್ಲಿ ತಂಬಾಕು ಕಂಡು, ಬೆರಗಾಗಿ, ಬಾದಶಹನಿಗೆ ಒಯ್ದು ತೋರಿಸಿದ.

ಗೋವಾಕ್ಕೆ ಮೊಜಾಂಬಿಕ್ ಕಡೆಯಿಂದ ಗುಲಾಮರೂ ಬಂದರು. ತಪ್ಪಿಸಿಕೊಂಡು ಘಟ್ಟದ ಕಾಡು ಸೇರಿದವರ ವಂಶದವರು ಇಂದಿನ ಸಿದ್ದಿಗಳಲ್ಲಿ ಇದ್ದಾರೆ. ಯಲ್ಲಾಪುರ, ಹಳಿಯಾಳದಲ್ಲಷ್ಟೇ ಅಲ್ಲ, ಇದೇ ಬೆಳಗಾವಿ ಜಿಲ್ಲೆಯ ಖಾನಾಪುರದಲ್ಲೂ ಅವರ ಮನೆಗಳಿವೆ. ಮನೆಯಲ್ಲಿ ಕನ್ನಡ, ಕೊಂಕಣಿ ಮಾತಾಡುವ ಅವರ ಕಥೆ ಅಟ್ಲಾಂಟಿಕ್ ಕಥೆಯ ಅಣ್ಣ-ತಮ್ಮನೇ.

ಈಗ ನಮ್ಮ ಸೀಮೆಯಲ್ಲಿ

ಕಾಗವಾಡ ಕಡೆಯ ಉಗಾರದಲ್ಲಿ ಸಕ್ಕರೆ ಕಾರ್ಖಾನೆ ಸ್ವಾತಂತ್ರ್ಯಕ್ಕಿಂತ ಮೊದಲಿನದು. ಈಗ ಸುತ್ತಲೂ ಬೇರೆ ಎಷ್ಟೋ ಇವೆ. ಸೀಸನ್ ಶುರುವಾದರೆ ಕಬ್ಬು ಕಡಿಯುವ ಗ್ಯಾಂಗ್‌ಗಳು ಮಹಾರಾಷ್ಟ್ರದ ಬೀಡ್ ಕಡೆಯಿಂದಲೂ ಬರುತ್ತವೆ, ಮುಕಾದಮನಿಂದ ಮುಂಗಡ ತೆಗೆದುಕೊಂಡು. ಇದನ್ನು ಗುಲಾಮಗಿರಿ ಅಂದುಬಿಟ್ಟರೆ ಬ್ರೆಜಿಲ್‌ನವರ ನೋವನ್ನು ಹಗುರ ಮಾಡಿದಂತೆ. ಅಲ್ಲಿ ಮನುಷ್ಯ ಆಸ್ತಿ, ಹುಟ್ಟುವ ಮಗುವೂ ಯಜಮಾನನ ಆಸ್ತಿ. ಇಲ್ಲಿ ಜೀತ ನಿಷೇಧಿಸುವ 1976ರ ಕಾಯ್ದೆ ಇದೆ. ಆದರೂ ಮುಂಗಡ ತೀರುವವರೆಗೆ ಬಿಟ್ಟು ಹೋಗೋಕಾಗದ ಮನುಷ್ಯ ಎಷ್ಟು ಸ್ವತಂತ್ರ ಅಂತ ನಾವು ಕೇಳಲೇಬೇಕು.

ನಮ್ಮ ಸೀಮೆಯವರು ಕೇಳಿಯೂ ಇದ್ದಾರೆ. ತಂಬಾಕಿನ ಧೂಳು ಕುಡಿದು ದುಡಿಯುತ್ತಿದ್ದ ನಿಪ್ಪಾಣಿಯ ಹೆಂಗಸರು ಸಂಘ ಕಟ್ಟಿ ಮುಷ್ಕರ ಹೂಡಿದರು. ಅವರ ಬಗ್ಗೆ ಯುಗಾಂತರ್ ತಂಡ 1982ರಲ್ಲಿ ಒಂದು ಸಾಕ್ಷ್ಯಚಿತ್ರವನ್ನೇ ಮಾಡಿತು. 1981ರಲ್ಲಿ ತಂಬಾಕು ರೈತರು ಶರದ್ ಜೋಶಿಯವರ ಜೊತೆ ಬೆಲೆಗಾಗಿ ಹೆದ್ದಾರಿ ತಡೆದು ಕೂತರು. ಪೊಲೀಸರ ಗೋಲಿಬಾರ್‌ನಲ್ಲಿ ರೈತರ ಜೀವಗಳು ಹೋದವು.

ನಾಳೆ ನಮ್ಮಲ್ಲೇ ಯಾರೋ ಕಬ್ಬು ಕಡಿಯುವ ಹಾರ್ವೆಸ್ಟರ್ ಡಿಸೈನ್ ಮಾಡಬಹುದು, ಮಿಲ್‌ನ ಶಿಫ್ಟ್ ಪ್ಲ್ಯಾನ್ ಮಾಡಬಹುದು. ಆಗ ಗಂಟೆಗೆ ಎಷ್ಟು ಟನ್ ಅಂತ ಲೆಕ್ಕ ಹಾಕ್ತೇವೆ. ಅದೇ ಹಾಳೆಯಲ್ಲಿ ಇನ್ನೊಂದು ಕಾಲಂ ಇರಲಿ: ಈ ಯಂತ್ರದ ಮುಂದೆ ರಾತ್ರಿ ನಿಲ್ಲುವವರು ಯಾರು, ಬೇಡ ಅನಿಸಿದರೆ ಅವರು ಮನೆಗೆ ಹೋಗಬಹುದಾ?