ಭುಜಕ್ಕೆ ತಕ್ಕ ತೋಟಾ



.458 ಲಾಟ್ ತೋಟಾದ ಕೋವಿ ಬೇಡ. ನಿನ್ನ ಉದ್ದನೆಯ ಕಾಗದಕ್ಕೆ ನನ್ನ ಉತ್ತರ ಇಷ್ಟೇ. ಆದರೆ ಇಷ್ಟು ಬರೆದು ಸಹಿ ಹಾಕಿದರೆ ನೀನು ಕೇಳುವವನಲ್ಲ, ನಿಮ್ಮ ಮನೆಯವರ ಹಟ ನನಗೆ ಗೊತ್ತು. ಅದಕ್ಕೇ ಕಾರಣಗಳನ್ನೂ ಬರೆಯುತ್ತಿದ್ದೇನೆ. ಜೋಹಾನ್ಸ್‌ಬರ್ಗ್‌ಗೆ ಹೋಗಿ ನೀನು ನೆಲೆಯಾದೆ, ಅಲ್ಲಿಯ ಕಾನೂನಿನಂತೆ ಪರೀಕ್ಷೆ ಬರೆದು ಅರ್ಹತಾಪತ್ರ ಪಡೆದೆ, ಬರುವ ಚಳಿಗಾಲಕ್ಕೆ ಲಿಂಪೋಪೊ ಕಡೆ ಬಫಲೋ ಷಿಕಾರಿಗೆ ಹೆಸರನ್ನೂ ಕೊಟ್ಟೆ. ಎಲ್ಲ ಸರಿ. ಕೋವಿ ಅಂಗಡಿಯವನು "ಬಫಲೋ ಅಂದಮೇಲೆ ದೊಡ್ಡದೇ ಇರಲಿ" ಅಂದನಂತೆ. ಅವನು ಮಾರುವವನು. ಅವನ ಭುಜ ನೋಯುವುದಿಲ್ಲ.

ಇಲ್ಲಿ ನಮ್ಮಲ್ಲಿ 1972ರ ವನ್ಯಜೀವಿ ಕಾಯ್ದೆ ಬಂದಮೇಲೆ ಷಿಕಾರಿಯ ಮಾತೇ ಮುಗಿಯಿತು, ಮುಗಿದದ್ದು ಒಳ್ಳೆಯದೇ ಆಯಿತು. ಈಗ ಕೊಡಗಿನಲ್ಲಿ ಕೋವಿ ಹೆಗಲಿಗೇರಿ ಸದ್ದು ಮಾಡುವುದು ಹೆಚ್ಚಾಗಿ ಕೈಲ್‌ಪೊಳ್ದು ಹಬ್ಬದ ದಿನ ಮರದ ತುದಿಯ ತೆಂಗಿನಕಾಯಿಗೆ. ಆ ತೆಂಗಿನಕಾಯಿಯಲ್ಲಿ ನೀನು ಗೆದ್ದದ್ದು ನಿಜ. ತಪ್ಪಿದರೆ ತೆಂಗಿನಕಾಯಿ ತಿರುಗಿ ಬರುವುದಿಲ್ಲ ಎನ್ನುವುದೂ ನಿಜ. ನಾನು ದಾರ್-ಎಸ್-ಸಲಾಮ್‌ನಲ್ಲಿ ಕೆಲಸದಲ್ಲಿದ್ದ ಕಾಲದಲ್ಲಿ ಕಂಡದ್ದು, ಕೇಳಿದ್ದು, ನನ್ನ ಭುಜವೇ ಹೇಳಿಕೊಟ್ಟದ್ದು, ಇವಿಷ್ಟನ್ನು ಸೇರಿಸಿ ಬರೆಯುತ್ತೇನೆ.

ಮೊದಲು ಕೆಳಗಿನ ಮಿತಿ. ಇದಕ್ಕಿಂತ ಸಣ್ಣದನ್ನು ಹಿಡಿದು ಬಫಲೋ ಮುಂದೆ ನಿಲ್ಲಬಾರದು ಎಂಬ ಗೆರೆಯನ್ನು ಆಫ್ರಿಕಾದ ದೇಶಗಳು ಕಾನೂನಿನಲ್ಲೇ ಎಳೆದಿವೆ. ನಮೀಬಿಯಾದಲ್ಲಿ ಆನೆ, ಬಫಲೋಗಳಿಗೆ ನಳಿಗೆಯ ಬಾಯಲ್ಲಿ 5,400 ಜೂಲ್ ಶಕ್ತಿ ಇರಲೇಬೇಕು. ಸ್ಪ್ರಿಂಗ್‌ಬಕ್ ಥರದ ಸಣ್ಣ ಜಿಂಕೆಗೆ 1,350 ಜೂಲ್ ಸಾಕು. .375 ಹಾಲೆಂಡ್ ಅಂಡ್ ಹಾಲೆಂಡ್ ತೋಟಾ 300 ಗ್ರೇನಿನ, ಅಂದರೆ ಹತ್ತೊಂಬತ್ತು ಗ್ರಾಮಿಗೆ ಚೂರು ಮೇಲಿನ ಗುಂಡನ್ನು ಸೆಕೆಂಡಿಗೆ 2,500 ಅಡಿಗೂ ಮೇಲಿನ ವೇಗದಲ್ಲಿ ಕಳಿಸುತ್ತದೆ. ಆ ಗೆರೆಯನ್ನು ದಾಟಲು ಅಷ್ಟು ಸಾಕು. 1912ರಲ್ಲಿ ಬಂದ ತೋಟಾ ಇದು. ಒಂದು ಶತಮಾನ ಕಳೆದರೂ ಆ ಖಂಡದಲ್ಲಿ ಇದನ್ನು ಅಲ್ಲಗಳೆಯುವ ಟ್ರ್ಯಾಕರನನ್ನು, ಅಂದರೆ ಪ್ರಾಣಿಯ ಹೆಜ್ಜೆ ಹಿಡಿದು ಹೋಗುವವನನ್ನು, ನಾನು ಕಂಡಿಲ್ಲ. ಅಂಗೈ ಮೇಲೆ ಇಟ್ಟು ನೋಡು: ಉದ್ದಕ್ಕೂ ಇಳಿಜಾರಾಗಿ ಸಣ್ಣದಾಗುತ್ತಾ ಹೋಗುವ ಹಿತ್ತಾಳೆ, ಕುತ್ತಿಗೆಯ ಹತ್ತಿರ ಇದೆಯೋ ಇಲ್ಲವೋ ಎನ್ನುವಷ್ಟು ಭುಜ, ಬುಡದಲ್ಲಿ ಒಂದು ಪಟ್ಟಿ. ಭುಜ ಅಷ್ಟು ಸಪೂರವಾದ್ದರಿಂದ ತೋಟಾ ನಳಿಗೆಯ ಬುಡದ ಕೋಣೆಯೊಳಗೆ ಎಷ್ಟು ದೂರ ಹೋಗಿ ನಿಲ್ಲಬೇಕೆಂದು ಹೇಳಲು ಆ ಪಟ್ಟಿ ಬೇಕಾಯಿತು. ಆ ಇಳಿಜಾರಿನಿಂದಾಗಿಯೇ ಅದು ಮ್ಯಾಗಜೀನಿನಿಂದ ಎಲ್ಲೂ ತಡೆಯದೆ ಒಳಗೆ ಜಾರುತ್ತದೆ. ಬಫಲೋ ಓಡಿಬರುವಾಗ ಈ ಜಾರುವಿಕೆಯ ಬೆಲೆ ಗೊತ್ತಾಗುತ್ತದೆ.

ಶಕ್ತಿಯ ಅಂಕಿ ಕಾನೂನಿಗೆ ಬೇಕು, ನಿಜ. ಪ್ರಾಣಿಯ ಒಳಗೆ ಕೆಲಸ ಮಾಡುವುದು ಬೇರೆಯೇ ಲೆಕ್ಕ. ಷಿಕಾರಿ ಕೆನೆತ್ ಆಂಡರ್ಸನ್ನನ ವಿಂಚೆಸ್ಟರ್ ಕೋವಿ ನಿನಗೆ ನೆನಪಿರಬೇಕು. ತೇಜಸ್ವಿಯವರು ಕನ್ನಡಕ್ಕೆ ತಂದ ಅವನ ‘ಕಾಡಿನ ಕತೆಗಳು’ ಓದಿ ಬೆಳೆದವನಲ್ಲವೇ ನೀನು. ಅವನದು .405. ಅದರ ಗುಂಡೂ 300 ಗ್ರೇನಿನದೇ. ಹಾಗಿದ್ದರೆ .375ಕ್ಕೂ ಅದಕ್ಕೂ ವೇಗ ಬಿಟ್ಟರೆ ಏನು ವ್ಯತ್ಯಾಸ? .405ರ ಗುಂಡು ದಪ್ಪ, ಗಿಡ್ಡ; .375ರದ್ದು ಸಪೂರ, ಉದ್ದ. ತೂಕ ಒಂದೇ ಇದ್ದರೂ ಮರಕ್ಕೆ ಮೊಳೆ ಇಳಿದಷ್ಟು ಗೂಟ ಇಳಿಯುವುದಿಲ್ಲ. ಹುಲಿ, ಚಿರತೆಯ ತೆಳು ಮೈಗೆ ಆ ಗೂಟ ಧಾರಾಳವಾಯಿತು. ಏಳುನೂರು ಕಿಲೋ ತೂಗುವ ಗಂಡು ಬಫಲೋನ ಭುಜದ ಮೂಳೆ ಒಡೆದು ಆಚೆ ಬದಿಯ ಶ್ವಾಸಕೋಶ ಮುಟ್ಟಬೇಕಾದಾಗ ಮೊಳೆಯೇ ಬೇಕು. ತೋಟಾ ಕೊಳ್ಳುವಾಗ ಎಲ್ಲರೂ ನಳಿಗೆಯ ಅಗಲ ಕೇಳುತ್ತಾರೆ. ಆ ಅಗಲಕ್ಕೆ ಗುಂಡು ಎಷ್ಟು ತೂಕದ್ದು ಎಂದು ಕೇಳುವವರು ಕಡಿಮೆ. ನೀನು ಕೇಳು.

.458 ಲಾಟ್‌ನಲ್ಲಿ ಮೊಳೆಯೂ ಇದೆ, ಅಗಲವೂ ಇದೆ, ಅದು ಕೆಟ್ಟ ತೋಟಾ ಅಂತ ನಾನು ಹೇಳುವುದಿಲ್ಲ. 1956ರಲ್ಲಿ ವಿಂಚೆಸ್ಟರ್ ಕಂಪನಿ .458 ಮ್ಯಾಗ್ನಮ್ ತಂದಾಗ ಗಿಡ್ಡ ಹಿತ್ತಾಳೆಯೊಳಗೆ ಮದ್ದನ್ನು ಒತ್ತಿ ತುಂಬಬೇಕಾಗಿತ್ತು. ಮೊದಮೊದಲ ಸರಕಿನಲ್ಲಿ ಆ ಮದ್ದು ಗಟ್ಟಿ ಕಟ್ಟಿ, ಈಡು ಸಪ್ಪೆಯಾಗಿ ಹೋದದ್ದುಂಟು. ಮೊಜಾಂಬಿಕ್‌ನಲ್ಲಿ ಬಫಲೋ ಕೊಂಬಿಗೆ ಸಿಕ್ಕು ಬದುಕಿ ಬಂದ ಜ್ಯಾಕ್ ಲಾಟ್ ಎಂಬ ಅಮೆರಿಕದ ಷಿಕಾರಿ ಹಿತ್ತಾಳೆಯನ್ನು ಉದ್ದ ಮಾಡಿ ಆ ಕೊರತೆ ತುಂಬಿದ. ಈಗ ಅದು 500 ಗ್ರೇನಿನ ಗುಂಡನ್ನು 2,300 ಅಡಿ ವೇಗದಲ್ಲಿ ಎಸೆಯುತ್ತದೆ. ಗಾಯಗೊಂಡ ಬಫಲೋನ ಹಿಂದೆ ಪೊದೆಯೊಳಗೆ ನುಗ್ಗುವುದೇ ವೃತ್ತಿಯಾದವರಿಗೆ ಅದು ಸರಿಯಾದ ತೋಟಾ. ನಿನ್ನ ಜೊತೆ ಬರುವ ವೃತ್ತಿ ಷಿಕಾರಿಯ ಕೈಯಲ್ಲಿ ಅದೇ ಇದ್ದರೂ ಇರಬಹುದು, ಇರಲಿ. ಮೊದಲ ಈಡು ನಿನ್ನದು, ಅದಕ್ಕೆ ಬೇಕಾದದ್ದು ಬೇರೆ.

ಒದೆತದ ಲೆಕ್ಕ ಹಾಕೋಣ. ನೀನೀಗ ಕುಡು, ಇಂಪಾಲ ಜಿಂಕೆಗಳಿಗೆ ಹಿಡಿಯುವ .30-06ರ ಒದೆತ ನಿನಗೆ ರೂಢಿಯಾಗಿದೆ. ಸಾಧಾರಣ ತೂಕದ ಕೋವಿಗಳನ್ನೇ ಹಿಡಿದು ಲೆಕ್ಕ ಹಾಕಿದರೆ .375ರ ಒದೆತ ಅದರ ಎರಡರಷ್ಟು. .458 ಲಾಟ್‌ನದು ಮೂರರಷ್ಟಕ್ಕೂ ಮೇಲೆ. ಎರಡರಷ್ಟನ್ನು ಮನುಷ್ಯ ಕಲಿಯಬಲ್ಲ. ಮೂರರಷ್ಟಾದಾಗ ಹೆಚ್ಚಿನವರು ಕಲಿಯುವುದು ಹೆದರುವುದನ್ನು. ಆ ಹೆದರಿಕೆ ಮನಸ್ಸಿನಲ್ಲಿ ಇರುವುದಿಲ್ಲ, ಅದಕ್ಕೇ "ನನಗೇನೂ ಭಯವಿಲ್ಲ" ಎಂದು ನೀನು ಬರೆದದ್ದನ್ನು ನಾನು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದು ರೆಪ್ಪೆಯಲ್ಲಿ, ಎಡಗೈಯಲ್ಲಿ, ಭುಜದಲ್ಲಿ ಇರುತ್ತದೆ.

ಕಣ್ಣಾರೆ ನೋಡಬೇಕೆಂದರೆ ಹೀಗೆ ಮಾಡು. ಜೊತೆಗಾರನೊಬ್ಬನ ಕೈಗೆ ಅಸಲಿ ತೋಟಾಗಳನ್ನೂ ಮದ್ದಿಲ್ಲದ ಹುಸಿ ತೋಟಾಗಳನ್ನೂ ಕೊಡು. ಅವನು ನಿನಗೆ ಕಾಣದಂತೆ ಯಾವುದನ್ನೋ ತುಂಬಿ ಕೋವಿ ಕೊಡಲಿ, ನೀನು ಗುರಿಯಿಟ್ಟು ಹೊಡೆ. ಹುಸಿ ತೋಟಾ ಬಂದಾಗ ಸದ್ದಿಲ್ಲ, ಒದೆತವಿಲ್ಲ, ಬರೀ ‘ಟಿಕ್’. ಆ ಕ್ಷಣ ನಳಿಗೆಯ ತುದಿ ಅಲ್ಲಾಡದೆ ನಿಂತರೆ ಸರಿ. ಹೆಚ್ಚಿನವರದ್ದು ಕೆಳಕ್ಕೆ ತಗ್ಗುತ್ತದೆ, ಮೊಳಕೈ ಬಿಗಿಯುತ್ತದೆ, ಕಣ್ಣು ಮುಚ್ಚಿರುತ್ತದೆ. ಬರದ ಒದೆತವನ್ನು ದೇಹ ಮುಂಚಿತವಾಗಿಯೇ ತಳ್ಳಿರುತ್ತದೆ. ಅಸಲಿ ಈಡಿನಲ್ಲಿ ಇದು ಒದೆತದೊಳಗೆ ಮುಚ್ಚಿಹೋಗುವುದರಿಂದ ಜೀವಮಾನವಿಡೀ ಗೊತ್ತಾಗದೆ, ಕೋವಿಯನ್ನೋ ದುರ್ಬೀನನ್ನೋ ಬೈಯುತ್ತಾ ಕಳೆದವರಿದ್ದಾರೆ. ನಳಿಗೆ ತಗ್ಗುವುದು ಕಂಡರೆ ಆ ದಿನಕ್ಕೆ ದೊಡ್ಡ ಕೋವಿ ಪೆಟ್ಟಿಗೆಗೆ ಹೋಗಲಿ. .22 ತೆಗೆದುಕೊಂಡು ಅದೇ ನಿಲುವಿನಲ್ಲಿ, ಮೂರು ಕಾಲಿನ ಕೋಲುಗಳ ಮೇಲೆ ನಳಿಗೆ ಇಟ್ಟು ಅಭ್ಯಾಸ ಮಾಡು. ದೊಡ್ಡ ಕೋವಿಯಿಂದ ಒಂದು ಹೊತ್ತಿಗೆ ಬೆರಳೆಣಿಕೆಯಷ್ಟು ಈಡು ಸಾಕು. ಭುಜ ಕೆಂಪಾದಮೇಲೆ ಹೊಡೆದದ್ದೆಲ್ಲ ಭಯದ ಅಭ್ಯಾಸ.

ಮೇಜಿನ ಮೇಲೆ ಮರಳಿನ ಚೀಲವಿಟ್ಟು ಕೂತು ಹೊಡೆಯುವುದನ್ನು ಗುರಿ ಸರಿಪಡಿಸುವಷ್ಟಕ್ಕೇ ನಿಲ್ಲಿಸು. ಕೂತಾಗ ದೇಹ ಹಿಂದೆ ಬಾಗಲು ಜಾಗವಿಲ್ಲ, ಪೂರ್ತಿ ಪೆಟ್ಟು ಭುಜಕ್ಕೇ. ಬೋರಲು ಮಲಗಿ ಹೊಡೆಯುವ ಮಾತಂತೂ ಬೇಡ, ಕೊರಳೆಲುಬು ಹೋಗುತ್ತದೆ. ನಿಂತು, ಎಡಗಾಲು ಮುಂದಿಟ್ಟು, ತುಸು ಮುಂದಕ್ಕೆ ವಾಲಿ, ಕೋವಿಯ ಬುಡವನ್ನು ಭುಜದ ಗುಂಡಿಯೊಳಗೆ ಬಿಗಿಯಾಗಿ ಎಳೆದುಕೋ. ಸಡಿಲ ಹಿಡಿದವನಿಗೇ ಜಾಸ್ತಿ ಪೆಟ್ಟು. ದುರ್ಬೀನು ಕಣ್ಣಿನಿಂದ ನಾಲ್ಕು ಬೆರಳಾದರೂ ದೂರ ಇರಲಿ. ಹುಬ್ಬಿನ ಮೇಲೆ ಅರ್ಧಚಂದ್ರ ಕೆತ್ತಿಸಿಕೊಂಡ ದೊಡ್ಡಮನುಷ್ಯರನ್ನು ನಾನು ನೋಡಿದ್ದೇನೆ. ಒಂದೂವರೆಯಿಂದ ಆರು ಪಟ್ಟು ದೊಡ್ಡದು ಮಾಡುವ ಗಾಜು ಸಾಕು, ಬಫಲೋವನ್ನು ನಕ್ಷತ್ರ ನೋಡುವ ಸಲಕರಣೆಯಲ್ಲಿ ನೋಡಬೇಕಿಲ್ಲ. ಒದೆತ ತಗ್ಗಿಸಲು ನಳಿಗೆಯ ತುದಿಗೆ ಬ್ರೇಕ್ ಹಾಕಿಸಲೇ ಎಂದು ಕೇಳಿದ್ದೀಯ. ಒದೆತ ತಗ್ಗುವುದು ಹೌದು, ಆದರೆ ಸದ್ದೆಲ್ಲ ಪಕ್ಕಕ್ಕೆ ಸಿಡಿಯುತ್ತದೆ. ಪಕ್ಕದಲ್ಲಿ ಇರುವವನು ಟ್ರ್ಯಾಕರ್. ಅವನ ಹೊಟ್ಟೆಪಾಡು ಅವನ ಕಿವಿಯಲ್ಲಿದೆ.

ನಿನ್ನ ಇನ್ನೊಂದು ಪ್ರಶ್ನೆ: ಇಷ್ಟೊಂದು ನಂಬರುಗಳು ಯಾಕೆ, .416, .404, .465, .470 ಎಂದು? ಇದರಲ್ಲಿ ಅರ್ಧ ಗೊಂದಲ ನಮ್ಮ ದೇಶದಿಂದಲೇ ಹೋದದ್ದು. 1898ರಲ್ಲಿ ಜಾನ್ ರಿಗ್ಬಿಯ .450 ನೈಟ್ರೊ ಎಕ್ಸ್‌ಪ್ರೆಸ್ ಬಂದು, ಕರಿಮದ್ದಿನ ಕಾಲದ ಕಾಲು ಪೌಂಡ್ ಗುಂಡಿನ ರಾಕ್ಷಸ ಕೋವಿಗಳನ್ನು ಮೂಲೆಗೆ ತಳ್ಳಿತು. ಆದರೆ ಹಳೆಯ ಮಾರ್ಟಿನಿ-ಹೆನ್ರಿ ಫೌಜಿ ಬಂದೂಕೂ .450 ಅಳತೆಯದೇ. ತೋಟಾ, ಗುಂಡುಗಳು ಬಂಡಾಯಗಾರರ ಕೈ ಸೇರಿಯಾವು ಎಂಬ ಅಂಜಿಕೆಯಿಂದ ಬ್ರಿಟಿಷ್ ಸರ್ಕಾರ 1907ರ ಸುಮಾರಿಗೆ ಭಾರತದಲ್ಲಿ ಆ ಅಳತೆಯನ್ನೇ ನಿಷೇಧಿಸಿತು. ಲಂಡನ್ನಿನ ಕೋವಿ ಕಸುಬಿನವರು ಇಲ್ಲಿಯ ಗಿರಾಕಿಗಳನ್ನು ಬಿಡುತ್ತಾರೆಯೇ? ಒಬ್ಬ .465 ಮಾಡಿದ, ಇನ್ನೊಬ್ಬ .470, ಮತ್ತೊಬ್ಬ .475. ಎಲ್ಲವೂ ಹೆಚ್ಚುಕಡಿಮೆ ಒಂದೇ ಕೆಲಸ ಮಾಡುವಂಥವು. ಇದೇ ಅಂಜಿಕೆಯ ಬಾಲ ಈಗಲೂ ಉಳಿದಿದೆ: ನಮ್ಮಲ್ಲಿ .303 ಸಾಮಾನ್ಯರಿಗೆ ಸಿಗದು, ಸರ್ಕಾರಿ ಕಾರ್ಖಾನೆಯ .315 ಸಿಗುತ್ತದೆ.

ಇನ್ನರ್ಧ ಕಾರಣ ಸೆಕೆ. ಆಗಿನ ಮದ್ದು ಕಾರ್ಡೈಟ್. ಬಿಸಿಲಲ್ಲಿ ಕಾದ ತೋಟಾದಲ್ಲಿ ಅದರ ಒತ್ತಡ ಏರಿ, ಖಾಲಿ ಹಿತ್ತಾಳೆ ಕೋಣೆಗೆ ಕಚ್ಚಿಕೊಂಡು ಹೊರಬರುತ್ತಿರಲಿಲ್ಲ. ಅದಕ್ಕೇ 1911ರ .416 ರಿಗ್ಬಿಗೆ ಅಷ್ಟು ದೊಡ್ಡ ಹೊಟ್ಟೆ: ಜಾಗ ಹೆಚ್ಚಿದ್ದರೆ ಒತ್ತಡ ಕಡಿಮೆ. 1988ರಲ್ಲಿ ಬಂದ .416 ರೆಮಿಂಗ್ಟನ್ ಅದೇ ಕೆಲಸವನ್ನು ಸಣ್ಣ ಹಿತ್ತಾಳೆಯಲ್ಲಿ ಹೆಚ್ಚು ಒತ್ತಡದಿಂದ ಮಾಡುತ್ತದೆ. ಎರಡೂ 400 ಗ್ರೇನನ್ನು 2,400 ಅಡಿಯ ಆಸುಪಾಸಿನಲ್ಲಿ ಹೊಡೆಯುತ್ತವೆ. ಮುಂದೆ ಎಂದಾದರೂ .375 ನಿನಗೆ ಸಾಲದು ಅನ್ನಿಸಿದರೆ .416ಕ್ಕೆ ಹೋಗು. ನನ್ನ ಕಣ್ಣಲ್ಲಿ ದೊಡ್ಡ ತೋಟಾಗಳಲ್ಲೆಲ್ಲ ಸಮತೂಕದ್ದು ಅದೇ.

ಬೆಲ್ ಸಾಹೇಬನ ಉದಾಹರಣೆ ಹಿಡಿದು ಯಾರಾದರೂ ವಾದಕ್ಕೆ ಬಂದಾರು. ‘ಕರಮೋಜೊ’ ಬೆಲ್ ನೂರಾರು ಆನೆಗಳನ್ನು 7 ಮಿಲಿಮೀಟರಿನ ಮೌಸರಿನಲ್ಲೇ ಕೆಡವಿದ, ಸಾವಿರಕ್ಕೂ ಮೇಲೆ ಆನೆ ಕೊಂದ ದಂತದ ಬೇಟೆಗಾರ ಅವನು. ಆನೆಯ ತಲೆಬುರುಡೆ ಕೊಯ್ದು ಮಿದುಳು ಎಲ್ಲಿ ಕೂತಿದೆ ಎಂದು ಅಭ್ಯಾಸ ಮಾಡಿದವನು. ಅವನಿಂದ ಕಲಿಯಬೇಕಾದದ್ದು ಬುರುಡೆಯ ಪಾಠ, ಸಣ್ಣ ತೋಟಾ ಅಲ್ಲ.

ಇನ್ನು ಗುಂಡಿನ ಜಾತಿ. ಮೊದಲ ಈಡಿಗೆ ಮೂತಿ ಅರಳುವ ಮೃದು ಗುಂಡು, ಆದರೆ ಒಳಗಿನ ಸೀಸವನ್ನು ತಾಮ್ರದ ಕವಚಕ್ಕೆ ಬೆಸೆದದ್ದು ಅಥವಾ ಪೂರ್ತಿ ತಾಮ್ರದ್ದು. ಅಗ್ಗದ ಗುಂಡು ಭುಜದ ಮೂಳೆಯಲ್ಲೇ ಚೂರಾಗುತ್ತದೆ. ಮ್ಯಾಗಜೀನಿನಲ್ಲಿ ಅದರ ಕೆಳಗೆ ಅರಳದ ಗಟ್ಟಿ ಗುಂಡು, ಚಪ್ಪಟೆ ಮೂತಿಯದು. ಓಡುತ್ತಿರುವ ಬಫಲೋಗೆ ಹಿಂದಿನಿಂದ ಹೊಡೆಯಬೇಕಾಗಿ ಬಂದರೆ ಅದೊಂದೇ ಮುಂದಿನವರೆಗೆ ಹೋಗಬಲ್ಲುದು. ಹಿಂಡಿನಲ್ಲಿ ಮಾತ್ರ ಗಟ್ಟಿ ಗುಂಡು ಹೊಡೆಯಬೇಡ. ಆಚೆ ಬದಿಯಿಂದ ಹೊರಬಂದು ಇನ್ನೊಂದನ್ನು ಗಾಯ ಮಾಡುತ್ತದೆ.

ಎಲ್ಲಿ ಹೊಡೆಯಬೇಕೆಂಬುದನ್ನು ನಮ್ಮ ಕಾಟಿಯನ್ನು ನೆನೆದುಕೊಂಡೇ ಹೇಳಬಹುದು. ನಾಗರಹೊಳೆಯ ರಸ್ತೆ ಬದಿ ನಿಂತ ಕಾಟಿಯ ಬೆನ್ನ ದಿಬ್ಬ ನೋಡಿದ್ದೀಯಲ್ಲ, ಅದರೊಳಗೆ ಪ್ರಾಣದ ಅಂಗ ಯಾವುದೂ ಇಲ್ಲ. ಬೆನ್ನುಮೂಳೆಯಿಂದ ಮೇಲಕ್ಕೆದ್ದ ಉದ್ದುದ್ದ ಮುಳ್ಳೆಲುಬು, ಅದರ ಸುತ್ತ ಮಾಂಸ. ಬಫಲೋನ ಭುಜದ ಮೇಲಣ ಎತ್ತರವೂ ಅದೇ. ಕಣ್ಣು ಇಡೀ ಮೈಯ ನಡುವನ್ನು ಹುಡುಕುತ್ತದೆ, ಗುಂಡು ಮೇಲಕ್ಕೆ ಹೋಗುತ್ತದೆ. ಹೃದಯ ನೀನು ಎಣಿಸಿದ್ದಕ್ಕಿಂತ ಕೆಳಗೆ, ಮುಂಗಾಲುಗಳ ನಡುವೆ ಇದೆ. ಅಡ್ಡ ನಿಂತಾಗ ಮುಂಗಾಲಿನ ನೇರಕ್ಕೆ, ಎದೆಯ ಕೆಳಗೆರೆಯಿಂದ ಮೂರನೇ ಒಂದು ಪಾಲು ಮೇಲಕ್ಕೆ. ಅಡ್ಡ ನಿಲ್ಲದಿದ್ದರೆ ಕಾಯಿ. ತಲೆಯೆತ್ತಿ ಮೂಗು ಮುಂದೆ ಮಾಡಿ ನಿನ್ನನ್ನೇ ನೋಡುತ್ತಿದ್ದರೂ ಕಾಯಿ. ಅದು ತಿರುಗದೇ ಹೋದರೆ ಆ ದಿನ ಹೋಯಿತು, ಅಷ್ಟೇ. ಗಾಯವಾಗಿ ತಪ್ಪಿಸಿಕೊಂಡರೂ ಪೂರ್ತಿ ದುಡ್ಡು ಕೊಡಬೇಕೆಂಬುದು ಅಲ್ಲಿಯ ಪದ್ಧತಿ. ದುಡ್ಡು ನಿನ್ನದು, ಆದರೆ ಗಾಯಗೊಂಡ ಬಫಲೋ ಹುಲ್ಲಿನಲ್ಲಿ ಕಾದು ನಿಂತಾಗ ಮುಂದೆ ಹೆಜ್ಜೆ ನೋಡುತ್ತಾ ಹೋಗುವವನು ಸಂಬಳದ ಟ್ರ್ಯಾಕರ್. ಹೊಡೆಯುವ ಮುಂಚೆ ಅವನ ಮುಖ ನೋಡು.

ಜೋಡುನಳಿಗೆಯ ಆಸೆಯನ್ನೂ ಬರೆದಿದ್ದೀಯ. ಅದರ ಬೆಲೆಗೆ ಸಿದ್ದಾಪುರದಲ್ಲಿ ತೋಟ ನೋಡಬಹುದು. ಬೋಲ್ಟ್ ಕೋವಿಯೇ ಇರಲಿ, ಮೌಸರ್ 98ರ ಮಾದರಿಯದು, ತೋಟಾ ಮ್ಯಾಗಜೀನಿನಿಂದ ಏಳುವಾಗಲೇ ದೊಡ್ಡ ಉಗುರು ಅದರ ಬುಡ ಹಿಡಿಯುವಂಥದ್ದು. ಗಾಬರಿಯಲ್ಲಿ ಬೋಲ್ಟನ್ನು ಅರ್ಧ ತಳ್ಳಿ ಹಿಂದಕ್ಕೆಳೆದರೂ ಎರಡು ತೋಟಾ ಸಿಕ್ಕಿಹಾಕಿಕೊಳ್ಳುವುದಿಲ್ಲ. ಈಡು ಹೋದ ಕೂಡಲೇ, ಕೋವಿ ಭುಜದಿಂದ ಇಳಿಸದೆ, ಬೋಲ್ಟ್ ಎಳೆದು ಮತ್ತೆ ಗುರಿ. ಬಿತ್ತೋ ಇಲ್ಲವೋ ಎಂದು ತಲೆಯೆತ್ತಿ ನೋಡುತ್ತಾ ನಿಲ್ಲಬೇಡ. ನಿಂತಿರುವವರೆಗೂ ಹೊಡೆ. ಬಿದ್ದಮೇಲೆ ಹಿಂದಿನಿಂದ ಹೋಗಿ ಇನ್ನೊಂದು ಹೊಡೆ. ತೋಟಾದ ಬೆಲೆ ಆಗ ಲೆಕ್ಕ ಹಾಕಬೇಡ.

.375 ಕೊಂಡ ಮೇಲೆ ಅದರ ತೂಕ ಎಷ್ಟು, ಬುಡದಿಂದ ಟ್ರಿಗರಿನವರೆಗೆ ಎಷ್ಟು ಇಂಚು ಎಂದು ಅಳೆದು ಬರೆ. ದುರ್ಬೀನು ಸೇರಿ ನಾಲ್ಕೂವರೆ ಕಿಲೋ ಇದ್ದರೆ ಒಳ್ಳೆಯದು. ಹೊರಲು ಭಾರ ಅನ್ನಿಸಿದರೂ ಹೊಡೆಯುವಾಗ ಹಗುರ. ನಿನ್ನ ತೋಳು ನಿನ್ನ ಅಜ್ಜನಂತೆ ಉದ್ದ, ಅಂಗಡಿಯ ಕೋವಿ ಗಿಡ್ಡವಾಗಿಯೇ ಇರುತ್ತದೆ. ಬುಡಕ್ಕೆ ಎಷ್ಟು ರಬ್ಬರ್ ಸೇರಿಸಬೇಕೆಂದು ಅಳತೆ ಬಂದ ಮೇಲೆ ತಿಳಿಸುತ್ತೇನೆ.

ಇಂತಿ,
ನಿನ್ನ ದೊಡ್ಡಪ್ಪ