ಠಣ್ ಅಂದರೆ ಗಟ್ಟಿ

ಮಲೆನಾಡಿನ ಊರು. ಮಳೆಗಾಲ ಮುಗಿದಿತ್ತು. ಅಕ್ಕನ ಮನೆಯಲ್ಲಿ ಹಳೇ ಜೀಪು. ಸಂತೆಗೆ, ಆಸ್ಪತ್ರೆಗೆ ಊರಿಗೆಲ್ಲಾ ಅದೇ ಗತಿ.

"ಏನ್ರೀ, ಜೀಪು ಒಂದು ಕಡೆ ವಾಲ್ತಾ ಇದೆ" ಅಂದಳು ಅಕ್ಕ. ಭಾವ ಅಡಿಯ ಕೆಸರು ತೊಳೆದರು. ಅಕ್ಕ ಸುತ್ತಿಗೆಯಿಂದ ತಟ್ಟಿದಳು. ಗಟ್ಟಿ ಕಬ್ಬಿಣ ಠಣ್ ಅಂದಿತು. ಕಮಾನು ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಬ್ರಾಕೆಟ್ ದಬ್ ಅಂದಿತು. ಪದರ ಪದರವಾಗಿ ಉದುರಿತು.

"ಬಣ್ಣ ಬಳಿದರೆ ಸಾಲದೇ?" ಅಂದರು ಭಾವ.

"ಬಣ್ಣ ಭಾರ ಹೊರುತ್ತಾ? ಇದು ಮುರಿದರೆ ಅಚ್ಚು ಜರುಗುತ್ತೆ. ಜೀಪಲ್ಲಿ ಮಕ್ಕಳು ಕೂರ್ತಾರೆ!"

ಅವತ್ತೇ ಜೀಪು ನಿಲ್ಲಿಸಿದರು. ಮೆಕ್ಯಾನಿಕ್ ಮನೆಗೇ ಬಂದ. ಬರೀ ಜಾಕಿಯನ್ನು ನಂಬದೆ ಚಾಸಿಗೆ ಗಟ್ಟಿ ಆಸರೆ ಕೊಟ್ಟ. ಬ್ಯಾಟರಿ ತಂತಿ ಬಿಚ್ಚಿದ. ಗಟ್ಟಿ ಕಬ್ಬಿಣ ಸಿಗುವವರೆಗೆ ತುಕ್ಕು ಕತ್ತರಿಸಿದ. ಹೊಸ ಬ್ರಾಕೆಟ್ ವೆಲ್ಡಿಂಗ್ ಮಾಡಿದ. ಪ್ರೈಮರ್ ಹಚ್ಚಿ ಬಣ್ಣ ಬಳಿದ.

ನೀರು, ಗಾಳಿ ಎರಡೂ ತಾಗಿದರೆ ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಅಂಟಿದ ಕೆಸರು ತೇವ ಆರಲು ಬಿಡುವುದಿಲ್ಲ. ಆದ್ದರಿಂದ ಗಾಡಿಯ ಅಡಿಯನ್ನು ಆಗಾಗ ತೊಳೆಯಿರಿ. ಒಣಗಲು ಬಿಡಿ. ಸಣ್ಣ ತುಕ್ಕನ್ನು ತಂತಿ ಬ್ರಷ್‌ನಿಂದ ಉಜ್ಜಿ ತೆಗೆಯಿರಿ. ಆಮೇಲೆ ಪ್ರೈಮರ್, ಬಣ್ಣ ಹಚ್ಚಿ.

ಹೇಳಿ ನೋಡೋಣ:
1. ದಬ್ ಅಂದದ್ದು ಯಾವುದು? ಯಾಕೆ?
2. ನಿಮ್ಮ ಮನೆಯಲ್ಲಿ ಯಾವುದಕ್ಕೆ ತುಕ್ಕು ಹಿಡಿದಿದೆ?